ಒಂದು ವಾಕ್ಯ, ಎರಡು ನಿಲುಗಡೆ: ಮಧ್ಯಯುಗದ ಇಸ್ಲಾಮಿನಲ್ಲಿ ತತ್ತ್ವಶಾಸ್ತ್ರ ಮತ್ತು ಕುರ್‌ಆನ್ ವ್ಯಾಖ್ಯಾನ – ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಯುಗದ ಮುಸ್ಲಿಂ ಚಿಂತಕರಾದ ಇಬ್ನ್ ಸೀನಾ, ಗಜಾಲಿ, ಇಬ್ನ್ ರುಶ್ದ್ ಅವರ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಏಳುತ್ತವೆ. ಗಜಾಲಿ ಬುದ್ಧಿಯ ವೈರಿ, ಇಬ್ನ್ ರುಶ್ದ್ ಗುಟ್ಟಾಗಿ ನಾಸ್ತಿಕ, ಅವರಿಬ್ಬರ ಜಗಳದಲ್ಲಿ ಧರ್ಮ ಗೆದ್ದು ತತ್ತ್ವಶಾಸ್ತ್ರ ಸತ್ತಿತು ಎಂಬ ಕಥೆ ಎಲ್ಲೆಡೆ ಓಡಾಡುತ್ತಿದೆ. ಆ ಗ್ರಂಥಗಳನ್ನು ತೆರೆದು ನೋಡಿದವರಿಗೆ ಈ ಕಥೆ ನಿಲ್ಲುವುದಿಲ್ಲ ಎಂದು ತಿಳಿಯುತ್ತದೆ. ಅದಕ್ಕಾಗಿಯೇ ಈ ಪುಟ.

ಈ ಚರ್ಚೆಯ ಬುಡ ಎಲ್ಲಿದೆ?

ಕುರ್‌ಆನಿನ ಒಂದೇ ಒಂದು ವಚನದಲ್ಲಿ. ಮೂರನೆಯ ಅಧ್ಯಾಯ ಆಲಿ ಇಮ್ರಾನ್‌ನ ಏಳನೆಯ ವಚನ, ಅಂದರೆ 3:7. ಗ್ರಂಥದಲ್ಲಿ ಎರಡು ಬಗೆಯ ವಚನಗಳಿವೆ ಎಂದು ಅದು ಹೇಳುತ್ತದೆ. ಅರ್ಥ ಖಚಿತವಾಗಿರುವವು 'ಮುಹ್ಕಮ್'. ಇವೇ ಗ್ರಂಥದ ತಾಯಿಬೇರು. ಅರ್ಥ ಒಂದಕ್ಕಿಂತ ಹೆಚ್ಚು ಕಡೆ ವಾಲುವವು 'ಮುತಶಾಬಿಹ್'. ಮನಸ್ಸಿನಲ್ಲಿ ವಕ್ರತೆ ಇರುವವರು ಈ ಎರಡನೆಯ ಬಗೆಯ ಬೆನ್ನು ಹತ್ತುತ್ತಾರೆ ಎಂದು ಎಚ್ಚರಿಸುತ್ತದೆ. ಆಮೇಲೆ ಬರುವ ವಾಕ್ಯದಲ್ಲಿ ಇಡೀ ಗಂಟು ಇದೆ.

ಹಳೆಯ ಅರಬಿ ಬರಹದಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳಿರಲಿಲ್ಲ. ಓದುವವರು ಎಲ್ಲಿ ಉಸಿರು ನಿಲ್ಲಿಸುತ್ತಾರೋ ಅಲ್ಲಿಗೆ ವಾಕ್ಯ ಮುಗಿಯಿತು. ಹೀಗೆ ಓದಬಹುದು: "ಅದರ ನಿಜಾರ್ಥ ಬಲ್ಲವನು ಅಲ್ಲಾಹನೊಬ್ಬನೇ. ಜ್ಞಾನದಲ್ಲಿ ಬೇರುಬಿಟ್ಟವರು, ನಾವು ಇದನ್ನು ನಂಬಿದ್ದೇವೆ, ಎಲ್ಲವೂ ನಮ್ಮ ಪ್ರಭುವಿನಿಂದಲೇ ಬಂದದ್ದು ಎನ್ನುತ್ತಾರೆ." ಹೀಗೂ ಓದಬಹುದು: "ಅದರ ನಿಜಾರ್ಥ ಬಲ್ಲವರು ಅಲ್ಲಾಹನು ಮತ್ತು ಜ್ಞಾನದಲ್ಲಿ ಬೇರುಬಿಟ್ಟವರು ಮಾತ್ರ." ಮೊದಲ ಓದಿನಲ್ಲಿ ಪಂಡಿತನೂ ಕೈಮುಗಿದು ನಿಲ್ಲಬೇಕು. ಎರಡನೆಯದರಲ್ಲಿ ಅವನಿಗೆ ಒಳಗೆ ಹೋಗಲು ಬಾಗಿಲು ತೆರೆದಿದೆ. ಬಹುಪಾಲು ಹಿರಿಯರು ಮೊದಲ ಓದನ್ನು ಹಿಡಿದರು. ಎರಡನೆಯದನ್ನು ಹಿಡಿದವರೂ ಚಿಲ್ಲರೆ ಜನರೇನಲ್ಲ: ಮೊದಲ ತಲೆಮಾರುಗಳ ವ್ಯಾಖ್ಯಾನಕಾರ ಮುಜಾಹಿದ್ ಅವರಲ್ಲೊಬ್ಬರು. ಈ ಪುಟದ ಉಳಿದ ಎಲ್ಲ ಪ್ರಶ್ನೆಗಳೂ ಈ ಒಂದು ಉಸಿರಿನ ಸುತ್ತಲೇ ತಿರುಗುತ್ತವೆ ಎಂದರೆ ತಪ್ಪಾಗದು.

'ತಾವೀಲ್' ಎಂದರೇನು? ಅದೂ ತಫ್ಸೀರೂ ಒಂದೇ ಅಲ್ಲವೇ?

ಮೊದಮೊದಲು ಒಂದೇ ಆಗಿತ್ತು. 923ರಲ್ಲಿ ತೀರಿಕೊಂಡ ತಬರಿ ತಮ್ಮ ಬೃಹತ್ ತಫ್ಸೀರಿನ ಹೆಸರಿನಲ್ಲೇ 'ತಾವೀಲ್' ಎಂಬ ಪದವನ್ನು ಇಟ್ಟುಕೊಂಡಿದ್ದರು. ಅವರಿಗೆ ಅದು 'ಅರ್ಥವಿವರಣೆ' ಅಷ್ಟೇ. ಬರಬರುತ್ತಾ ತಫ್ಸೀರ್ ಎಂದರೆ ಪದ, ಸಂದರ್ಭ, ಪರಂಪರೆಯ ಹೇಳಿಕೆಗಳಿಂದ ಅರ್ಥ ಬಿಡಿಸುವುದೆಂದೂ, ತಾವೀಲ್ ಎಂದರೆ ಮೇಲ್ನೋಟದ ಅರ್ಥವನ್ನು ಬಿಟ್ಟು ಒಳಗಿನ ಇನ್ನೊಂದು ಅರ್ಥಕ್ಕೆ ಹೋಗುವುದೆಂದೂ ಬಳಕೆ ನೆಲೆಗೊಂಡಿತು.

ಇಬ್ನ್ ರುಶ್ದ್ ಕೊಟ್ಟ ವ್ಯಾಖ್ಯೆ ಬಹಳ ಶಿಸ್ತಿನದು. ಪದವನ್ನು ಅದರ ವಾಚ್ಯಾರ್ಥದಿಂದ ಲಕ್ಷ್ಯಾರ್ಥಕ್ಕೆ ಒಯ್ಯುವುದೇ ತಾವೀಲ್. ಆದರೆ ಅರಬರ ಮಾತಿನ ರೂಢಿ ಮುರಿಯಬಾರದು. ಒಂದು ವಸ್ತುವನ್ನು ಅದರಂಥದೇ ಇನ್ನೊಂದರ ಹೆಸರಿನಿಂದ, ಅದರ ಕಾರಣದ ಹೆಸರಿನಿಂದ, ಅದರ ಪರಿಣಾಮದ ಅಥವಾ ಅದರ ಜೊತೆಗಿರುವುದರ ಹೆಸರಿನಿಂದ ಕರೆಯುವ ವಾಡಿಕೆ ಭಾಷೆಯಲ್ಲೇ ಇದೆಯಲ್ಲ, ಅಷ್ಟರೊಳಗೆ ಮಾತ್ರ. ನಮ್ಮ ಅಲಂಕಾರಶಾಸ್ತ್ರ ಓದಿದವರಿಗೆ 'ಗಂಗೆಯಲ್ಲಿ ಹಳ್ಳಿ' ಎಂಬ ಉದಾಹರಣೆ ನೆನಪಾಗುತ್ತದೆ: ನೀರಿನ ಮೇಲೆ ಹಳ್ಳಿ ನಿಲ್ಲಲಾರದು, ಆದ್ದರಿಂದ ಅದು ಗಂಗೆಯ ದಡ. ಎರಡು ಪರಂಪರೆಗಳು ಬೇರೆ ಬೇರೆ ನೆಲದಲ್ಲಿ ಬೆಳೆದವು. ಆದರೂ ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಮಾತ್ರ ಬೇರೆ ಅರ್ಥ ಹುಡುಕು ಎಂಬ ನಿಯಮಕ್ಕೆ ಎರಡೂ ಬಂದು ಮುಟ್ಟಿದ್ದು ನನಗೆ ಇಂದಿಗೂ ಬೆರಗು.

ಯಾವ ವಚನಗಳು ತೊಡಕು ಹುಟ್ಟಿಸಿದವು?

ಕರುಣಾಮಯನು ಸಿಂಹಾಸನದ ಮೇಲೆ 'ಇಸ್ತವಾ' ಮಾಡಿದನು, ಮೇಲ್ನೋಟಕ್ಕೆ ನೆಲೆಗೊಂಡನು (20:5). ಅಲ್ಲಾಹನ ಕೈ ಅವರ ಕೈಗಳ ಮೇಲಿದೆ (48:10). ಅಂದು ಕೆಲವು ಮುಖಗಳು ಬೆಳಗುತ್ತಾ ತಮ್ಮ ಪ್ರಭುವಿನ ಕಡೆ ನೋಡುತ್ತಿರುತ್ತವೆ (75:22-23). ದೇವರಿಗೆ ದೇಹವಿಲ್ಲ, ಅವನಂಥದು ಯಾವುದೂ ಇಲ್ಲ ಎಂದೂ ಅದೇ ಗ್ರಂಥ ಕಲಿಸುವಾಗ ಇವನ್ನು ಹೇಗೆ ಓದಬೇಕು?

ಮದೀನಾದ ಇಮಾಮ್ ಮಾಲಿಕ್ (ಮರಣ 795) ಅವರಿಗೆ ಸಿಂಹಾಸನದ ವಚನದ ಬಗ್ಗೆ ಯಾರೋ ಪ್ರಶ್ನೆ ಹಾಕಿದಾಗ ಅವರು ಕೊಟ್ಟ ಉತ್ತರ ಪ್ರಸಿದ್ಧ: ಇಸ್ತವಾ ಏನೆಂದು ಗೊತ್ತಿದೆ, ಅದು ಹೇಗೆಂದು ಬುದ್ಧಿಗೆ ನಿಲುಕದು, ಅದನ್ನು ನಂಬುವುದು ಕರ್ತವ್ಯ, ಅದರ ಬಗ್ಗೆ ಕೆದಕುವುದು ಬಿದ್ಅತ್, ಅಂದರೆ ಧರ್ಮದಲ್ಲಿಲ್ಲದ ಹೊಸಮಾತು. ಬುದ್ಧಿಗೆ ಹೆಚ್ಚು ಮಣೆ ಹಾಕುತ್ತಿದ್ದ ಮುತಜಿಲಾ ಪಂಥದವರು ಇದಕ್ಕೆ ತೃಪ್ತರಾಗಲಿಲ್ಲ. ಅವರ ಪ್ರಕಾರ ಇಸ್ತವಾ ಎಂದರೆ ಒಡೆತನ ಸ್ಥಾಪಿಸುವುದು. ಅದಕ್ಕೆ ಅವರು ಒಂದು ಹಳೆಯ ಕವಿತೆಯ ಸಾಲನ್ನು ಸಾಕ್ಷಿಗೆ ತಂದರು: ಬಿಶ್ರ್ ಎಂಬವನು ಕತ್ತಿ ಎತ್ತದೆ, ನೆತ್ತರು ಹರಿಸದೆ ಇರಾಕಿನ ಮೇಲೆ 'ಇಸ್ತವಾ' ಮಾಡಿದ ಎಂದು. ಕೈ ಎಂದರೆ ಶಕ್ತಿ ಅಥವಾ ಅನುಗ್ರಹ. ಮೊದಲು ಮುತಜಿಲಾ ಆಗಿದ್ದು ಆಮೇಲೆ ಅವರಿಂದ ಹೊರಬಂದ ಅಲ್ ಅಶ್‌ಅರಿ, 'ಹೇಗೆ ಎಂದು ಕೇಳದೆ' ಒಪ್ಪಿಕೊಳ್ಳಿ ಎಂದರು. ಅವರ ಹೆಸರಿನ ಪಂಥದಲ್ಲಿ ಬಂದ ನಂತರದವರು ಮತ್ತೆ ತಾವೀಲಿನ ಕಡೆ ವಾಲಿದರು.

ಇದು ಬರೀ ಪಂಡಿತರ ವಾಗ್ವಾದವಾಗಿ ಉಳಿಯಲಿಲ್ಲ. 833ರಲ್ಲಿ ಖಲೀಫಾ ಮಅಮೂನ್, ಕುರ್‌ಆನ್ ಸೃಷ್ಟಿಯಾದದ್ದು ಎಂಬ ಮುತಜಿಲಾ ನಿಲುವನ್ನು ಖಾಜಿಗಳೂ ಪಂಡಿತರೂ ಒಪ್ಪಲೇಬೇಕೆಂದು ವಿಚಾರಣೆ ಶುರುಮಾಡಿದ. ಒಪ್ಪದ ಅಹ್ಮದ್ ಇಬ್ನ್ ಹಂಬಲ್ ಸೆರೆವಾಸ ಅನುಭವಿಸಿದರು, ಚಾವಟಿ ಏಟು ತಿಂದರು. ಬುದ್ಧಿಯ ಪರ ನಿಂತವರೇ ಆಳುವವರ ಬಲದಿಂದ ಜನರ ನಂಬಿಕೆಯನ್ನು ಬಗ್ಗಿಸಲು ಹೋದ ಪ್ರಸಂಗವಿದು. ಅದನ್ನು ಮರೆಮಾಚಿ ಮುತಜಿಲಾಗಳನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ಗ್ರೀಕರ ವಿಚಾರ ಅರಬಿಗೆ ಬಂದದ್ದು ಹೇಗೆ?

ಅನುವಾದದ ಮೂಲಕ, ಬಹುಮಟ್ಟಿಗೆ 8ರಿಂದ 10ನೆಯ ಶತಮಾನದ ಬಗ್ದಾದಿನಲ್ಲಿ. ಹುನೈನ್ ಇಬ್ನ್ ಇಸ್ಹಾಕ್‌ರಂಥ ಕ್ರೈಸ್ತ ವಿದ್ವಾಂಸರು ಗ್ರೀಕ್ ಮತ್ತು ಸಿರಿಯಾಕ್‌ನಿಂದ ಅರಿಸ್ಟಾಟಲ್, ಗ್ಯಾಲೆನ್ ಮೊದಲಾದವರನ್ನು ಅರಬಿಗೆ ತಂದರು. ಮೊದಲ ದೊಡ್ಡ ಅರಬ್ ತತ್ತ್ವಜ್ಞಾನಿ ಅಲ್ ಕಿಂದಿ, ಸತ್ಯ ದೂರದ ಜನರಿಂದ, ಪರಕೀಯರಿಂದ ಬಂದರೂ ಅದನ್ನು ಒಪ್ಪಿಕೊಳ್ಳಲು ನಾಚಬಾರದು ಎಂದು ಬರೆದರು.

ವಿರೋಧವೂ ಇತ್ತು, ಅದು ಕುರುಡು ವಿರೋಧವಾಗಿರಲಿಲ್ಲ. 932ರಲ್ಲಿ ಬಗ್ದಾದಿನ ವಜೀರನ ಸಭೆಯಲ್ಲಿ ತರ್ಕಶಾಸ್ತ್ರಜ್ಞ ಅಬೂ ಬಿಶ್ರ್ ಮತ್ತಾ ಅವರನ್ನು ವ್ಯಾಕರಣಕಾರ ಸೀರಾಫಿ ಎದುರು ಹಾಕಿಕೊಂಡರು. ನಿಮ್ಮ ತರ್ಕ ಎನ್ನುವುದು ಗ್ರೀಕ್ ಭಾಷೆಯ ವ್ಯಾಕರಣವಷ್ಟೇ, ಅರಬಿಯಲ್ಲಿ ಯೋಚಿಸುವವರಿಗೆ ಅದರ ಹಂಗೇಕೆ ಎಂಬುದು ಅವರ ಪಟ್ಟು. ಒಂದು ಭಾಷೆಯಲ್ಲಿ ಹುಟ್ಟಿದ ಯೋಚನೆಯ ಕ್ರಮ ಇನ್ನೊಂದು ಭಾಷೆಗೆ ಎಷ್ಟು ಸಲ್ಲುತ್ತದೆ ಎಂಬ ಆ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ತೀರಿಲ್ಲ.

ತತ್ತ್ವಜ್ಞಾನಿಗಳು ಕುರ್‌ಆನನ್ನು ಓದಿದ ರೀತಿಗೆ ಒಂದು ಉದಾಹರಣೆ ಕೊಡಬಹುದೇ?

'ಬೆಳಕಿನ ವಚನ' (24:35) ಇದಕ್ಕೆ ತಕ್ಕದ್ದು. ಅಲ್ಲಾಹನು ಆಕಾಶ ಭೂಮಿಗಳ ಬೆಳಕು. ಆ ಬೆಳಕಿನ ಹೋಲಿಕೆ ಹೀಗೆ: ಒಂದು ಗೂಡು, ಅದರೊಳಗೆ ದೀಪ, ದೀಪ ಗಾಜಿನೊಳಗೆ, ಗಾಜು ಹೊಳೆವ ನಕ್ಷತ್ರದಂತೆ. ಪೂರ್ವದ್ದೂ ಅಲ್ಲದ ಪಶ್ಚಿಮದ್ದೂ ಅಲ್ಲದ ಆಲಿವ್ ಮರದ ಎಣ್ಣೆ, ಬೆಂಕಿ ತಾಗದೆಯೂ ಉರಿಯಲು ಹಾತೊರೆಯುವಂಥದು. ಬೆಳಕಿನ ಮೇಲೆ ಬೆಳಕು.

ಬುಖಾರಾದ ಹತ್ತಿರ ಸುಮಾರು 980ರಲ್ಲಿ ಹುಟ್ಟಿ 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡ ಇಬ್ನ್ ಸೀನಾ ಇದರಲ್ಲಿ ಮನುಷ್ಯನ ಬುದ್ಧಿ ಹಂತಹಂತವಾಗಿ ಬೆಳಗುವ ಕಥೆಯನ್ನು ಕಂಡರು. ಗೂಡು ಎಂದರೆ ಇನ್ನೂ ಏನನ್ನೂ ಅರಿಯದ, ಅರಿಯುವ ಸಾಮರ್ಥ್ಯ ಮಾತ್ರ ಇರುವ ಬುದ್ಧಿ. ಗಾಜು ಎಂದರೆ ಮೂಲತತ್ತ್ವಗಳನ್ನು ಹಿಡಿದಿಟ್ಟುಕೊಂಡ ಬುದ್ಧಿ. ಆಲಿವ್ ಮರ ಆಲೋಚನೆ; ಎಣ್ಣೆ ಥಟ್ಟನೆ ಹೊಳೆಯುವ ಅಂತಃಸ್ಫೂರ್ತಿ. ಬೆಂಕಿ ಮಾನವನ ಆಚೆಗಿರುವ, ಎಲ್ಲ ಬುದ್ಧಿಗಳನ್ನೂ ಹೊತ್ತಿಸುವ ಕ್ರಿಯಾಶೀಲ ಬುದ್ಧಿ. ಬೆಂಕಿ ತಾಗದೆಯೂ ಬೆಳಗುವ ಎಣ್ಣೆಯೇ ಪ್ರವಾದಿಗಳಂಥವರಲ್ಲಿರುವ ಪವಿತ್ರ ಶಕ್ತಿ.

ಇದು ಕುರ್‌ಆನಿನ ಮೇಲೆ ಅರಿಸ್ಟಾಟಲನನ್ನು ಹೇರಿದಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಒಂದಷ್ಟು ಹೌದು. ಆದರೆ ವಚನವೇ ತನ್ನನ್ನು 'ಹೋಲಿಕೆ' ಎಂದು ಕರೆದುಕೊಂಡಿದೆ, ಹೋಲಿಕೆ ಏನನ್ನು ಹೋಲುತ್ತದೆ ಎಂದು ಕೇಳುವುದು ಓದುಗನ ಹಕ್ಕು. ತತ್ತ್ವಜ್ಞಾನಿಗಳ ಮೇಲೆ ದೊಡ್ಡ ದಾಳಿ ಮಾಡಿದ ಗಜಾಲಿಯೇ ಇದೇ ವಚನದ ಮೇಲೆ 'ಮಿಶ್ಕಾತುಲ್ ಅನ್ವಾರ್' ಎಂಬ ಆಳವಾದ ಸಾಂಕೇತಿಕ ವ್ಯಾಖ್ಯಾನ ಬರೆದರು.

ಫಾರಾಬಿ ಹೇಳಿದ್ದೇನು?

950ರ ಸುಮಾರಿಗೆ ತೀರಿಕೊಂಡ ತತ್ತ್ವಜ್ಞಾನಿ ಫಾರಾಬಿಯ ಪ್ರಕಾರ ತತ್ತ್ವಶಾಸ್ತ್ರ ಪುರಾವೆಯಿಂದ ತಿಳಿಯುವುದನ್ನೇ ಧರ್ಮ ಚಿತ್ರಗಳ ಮೂಲಕ, ಕಥೆಗಳ ಮೂಲಕ ಜನರ ಮನಸ್ಸಿಗೆ ಮುಟ್ಟಿಸುತ್ತದೆ. ಒಂದೇ ಸತ್ಯಕ್ಕೆ ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ಚಿತ್ರಗಳಿರಬಹುದು. ಮುಂದೆ ಬಂದವರೆಲ್ಲ ಈ ಮಾತನ್ನು ಬೆಳೆಸಿದರು ಇಲ್ಲವೇ ಇದರೊಡನೆ ಸೆಣಸಿದರು.

ಗಜಾಲಿ ಬುದ್ಧಿಯ ವಿರೋಧಿಯಾಗಿದ್ದರಲ್ಲವೇ?

ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಇದು. ಇಲ್ಲ, ಆಗಿರಲಿಲ್ಲ.

1058ರಲ್ಲಿ ಖುರಾಸಾನಿನ ತೂಸ್‌ನಲ್ಲಿ ಹುಟ್ಟಿದ ಗಜಾಲಿಯನ್ನು 1091ರಲ್ಲಿ ವಜೀರ್ ನಿಜಾಮುಲ್ ಮುಲ್ಕ್ ಬಗ್ದಾದಿನ ನಿಜಾಮಿಯಾ ಮದರಸಾಕ್ಕೆ ಗುರುವಾಗಿ ನೇಮಿಸಿದ. ಅಲ್ಲಿ ಅವರು ಇಬ್ನ್ ಸೀನಾರ ವಿಚಾರವನ್ನು ಬೇರು ಸಮೇತ ಕಲಿತರು. ಮೊದಲು 'ಮಕಾಸಿದುಲ್ ಫಲಾಸಿಫಾ' ಎಂಬ ಪುಸ್ತಕದಲ್ಲಿ ಆ ವಿಚಾರಗಳನ್ನು ಎಷ್ಟು ನಿಷ್ಠೆಯಿಂದ ವಿವರಿಸಿದರೆಂದರೆ, ಲ್ಯಾಟಿನ್ ಅನುವಾದ ಓದಿದ ಯುರೋಪಿನವರು ಗಜಾಲಿಯನ್ನು ಇಬ್ನ್ ಸೀನಾರ ಹಿಂಬಾಲಕ ಎಂದೇ ಬಹುಕಾಲ ನಂಬಿದ್ದರು. 1095ರಲ್ಲಿ 'ತಹಾಫುತುಲ್ ಫಲಾಸಿಫಾ', ಅಂದರೆ ತತ್ತ್ವಜ್ಞಾನಿಗಳ ಕುಸಿತ, ಬಂತು. ಅದೇ ವರ್ಷ ಅವರು ಹುದ್ದೆ ಬಿಟ್ಟು ಊರೂ ಬಿಟ್ಟರು.

ಆ ಪುಸ್ತಕದ ಪೀಠಿಕೆಯನ್ನು ಓದದೆ ಅವರ ಬಗ್ಗೆ ತೀರ್ಪು ಕೊಡುವವರೇ ಹೆಚ್ಚು. ಗ್ರಹಣ ಹೇಗಾಗುತ್ತದೆ ಎಂದು ಖಗೋಳಶಾಸ್ತ್ರಜ್ಞರು ಲೆಕ್ಕದಿಂದ ತೋರಿಸುತ್ತಾರೆ. ಧರ್ಮದ ಹೆಸರಿನಲ್ಲಿ ಅದನ್ನು ಅಲ್ಲಗಳೆಯುವವನು ಧರ್ಮಕ್ಕೇ ಕೇಡು ಮಾಡುತ್ತಾನೆ ಎನ್ನುತ್ತಾರೆ ಗಜಾಲಿ. ಲೆಕ್ಕವನ್ನು ಕಣ್ಣಾರೆ ಕಂಡವನು ಲೆಕ್ಕವನ್ನು ಅನುಮಾನಿಸುವುದಿಲ್ಲ, ಧರ್ಮವನ್ನೇ ಅನುಮಾನಿಸುತ್ತಾನೆ. ಮೂಢ ಗೆಳೆಯನಿಗಿಂತ ಬುದ್ಧಿವಂತ ಶತ್ರು ಮೇಲು ಎಂಬ ಮಾತನ್ನು ಅವರು ಅಲ್ಲೇ ನೆನೆಯುತ್ತಾರೆ. ತರ್ಕಶಾಸ್ತ್ರ ತಿಳಿಯದವನ ವಿದ್ಯೆಯ ಮೇಲೆ ಭರವಸೆ ಇಡಲಾಗದು ಎಂದು ತಮ್ಮ ಕೊನೆಯ ವರ್ಷಗಳ ಧರ್ಮನ್ಯಾಯದ ಗ್ರಂಥ 'ಅಲ್ ಮುಸ್ತಸ್ಫಾ'ದಲ್ಲಿ ಬರೆದರು. ತರ್ಕ ಮದರಸಾಗಳ ಪಾಠಪಟ್ಟಿಯೊಳಗೆ ಬೇರೂರಲು ಗಜಾಲಿಯೇ ದೊಡ್ಡ ಕಾರಣ.

ಹಾಗಾದರೆ ಅವರ ತಕರಾರೇನು?

ತತ್ತ್ವಜ್ಞಾನಿಗಳು ಪುರಾವೆ ಇದೆ ಎಂದು ಹೇಳಿಕೊಂಡ ಕಡೆ ಪುರಾವೆ ಇಲ್ಲ ಎಂಬುದು. 20 ವಿಷಯಗಳನ್ನು ಎತ್ತಿಕೊಂಡು, ನಿಮ್ಮದೇ ತರ್ಕದ ಅಳತೆಗೋಲಿನಲ್ಲಿ ಇವು ನಿಲ್ಲುವುದಿಲ್ಲ ಎಂದು ತೋರಿಸಲು ಹೊರಟರು. 17ನ್ನು ತಪ್ಪು ಹೊಸಮಾತು ಎಂದು ಬಿಟ್ಟರು. ಮೂರನ್ನು ಮಾತ್ರ ಇಸ್ಲಾಮಿನಿಂದ ಹೊರಗೆ ಹಾಕುವಂಥವು ಎಂದರು. ಜಗತ್ತಿಗೆ ಆದಿಯಿಲ್ಲ ಎನ್ನುವುದು, ದೇವರು ಸಾಮಾನ್ಯ ತತ್ತ್ವಗಳನ್ನು ಬಲ್ಲನೇ ಹೊರತು ಬಿಡಿಬಿಡಿ ಸಂಗತಿಗಳನ್ನಲ್ಲ ಎನ್ನುವುದು, ಸತ್ತವರು ದೇಹ ಸಹಿತ ಏಳುವುದಿಲ್ಲ ಎನ್ನುವುದು.

ಮೂರನೆಯದರಲ್ಲಿ ಅವರ ವ್ಯಾಖ್ಯಾನದ ನಿಯಮ ಚೆನ್ನಾಗಿ ಕಾಣುತ್ತದೆ. ದೇವರ ಕೈ, ಮುಖಗಳನ್ನು ಸಾಂಕೇತಿಕವಾಗಿ ಓದುತ್ತೀರಿ. ಸ್ವರ್ಗ ನರಕಗಳ ವರ್ಣನೆಯನ್ನೂ ಹಾಗೇ ಓದಿದರೆ ತಪ್ಪೇನು ಎಂದು ತತ್ತ್ವಜ್ಞಾನಿ ಕೇಳುತ್ತಾನೆ. ಗಜಾಲಿಯ ಉತ್ತರ: ದೇವರಿಗೆ ದೇಹ ಅಸಾಧ್ಯ ಎಂದು ಬುದ್ಧಿಯೇ ಖಚಿತವಾಗಿ ಹೇಳುತ್ತದೆ, ಹಾಗಾಗಿ ಅಲ್ಲಿ ವಾಚ್ಯಾರ್ಥ ಬಿಡಲೇಬೇಕು. ಸತ್ತ ದೇಹ ಮತ್ತೆ ಏಳುವುದು ದೇವರ ಶಕ್ತಿಗೆ ಅಸಾಧ್ಯ ಎಂಬುದಕ್ಕೆ ಪುರಾವೆ ಎಲ್ಲಿದೆ? ಇಲ್ಲದಿದ್ದ ಮೇಲೆ ಅಷ್ಟೊಂದು ಸ್ಪಷ್ಟ ವಚನಗಳ ಅರ್ಥವನ್ನು ತಿರುಗಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಯಾರನ್ನು 'ಕಾಫಿರ್' ಎನ್ನಬಹುದು ಎಂಬುದಕ್ಕೆ ಅವರು ಮಿತಿ ಹಾಕಿದ್ದರೇ?

ಹಾಕಿದ್ದರು, ಅದು ಅವರ ಬರಹಗಳಲ್ಲಿ ನನಗೆ ಬಹಳ ಪ್ರಿಯವಾದದ್ದು. 'ಫೈಸಲುತ್ ತಫ್ರಿಕಾ' ಎಂಬ ಕಿರುಗ್ರಂಥದಲ್ಲಿ ಒಂದು ವಚನದಲ್ಲಿ ಹೇಳಿದ ವಸ್ತು ಐದು ಬಗೆಯಲ್ಲಿ 'ಇರಬಹುದು' ಎಂದು ವಿಂಗಡಿಸುತ್ತಾರೆ. ಮೊದಲನೆಯದು ಹೊರಜಗತ್ತಿನಲ್ಲಿ ನಿಜವಾಗಿ ಇರುವುದು, ಆಕಾಶದಂತೆ. ಎರಡನೆಯದು ಕಂಡವನ ಇಂದ್ರಿಯಕ್ಕೆ ಮಾತ್ರ ತೋರುವುದು: ತೀರ್ಪಿನ ದಿನ ಸಾವನ್ನು ಟಗರಿನ ರೂಪದಲ್ಲಿ ತಂದು ಕೊಲ್ಲಲಾಗುತ್ತದೆ ಎಂಬ ಹದೀಸ್, ಅಂದರೆ ಪ್ರವಾದಿಯದೆಂದು ಬಂದ ನುಡಿ, ಹೀಗೆ. ಮೂರನೆಯದು ಕಲ್ಪನೆಯಲ್ಲಿ ಇರುವುದು. ಪ್ರವಾದಿಗಳು 'ಯೂನುಸರನ್ನು ಕಣ್ಮುಂದೆ ಕಂಡಂತಾಗುತ್ತಿದೆ' ಎಂದದ್ದು. ನಾಲ್ಕನೆಯದು ಅರ್ಥವಾಗಿ ಇರುವುದು: ದೇವರ ಕೈ ಎಂದರೆ ಕೊಡುವ, ತಡೆಯುವ ಶಕ್ತಿ. ಐದನೆಯದು ಸಾದೃಶ್ಯ: ದೇವರ ಕೋಪ.

ಈ ಐದರಲ್ಲಿ ಯಾವುದೋ ಒಂದು ಮಟ್ಟದಲ್ಲಿ ವಚನವನ್ನು ಸತ್ಯವೆಂದು ಒಪ್ಪಿದವನು ಪ್ರವಾದಿಯನ್ನು ಸುಳ್ಳುಗಾರ ಎಂದಂತಾಗುವುದಿಲ್ಲ, ಆದ್ದರಿಂದ ಅವನನ್ನು ಕಾಫಿರ್ ಎನ್ನಬೇಡಿ. ಮೇಲಿನ ಮಟ್ಟ ಅಸಾಧ್ಯ ಎಂಬುದಕ್ಕೆ ಖಚಿತ ಪುರಾವೆ, ಅಂದರೆ 'ಬುರ್ಹಾನ್', ಸಿಕ್ಕಾಗ ಮಾತ್ರ ಕೆಳಗಿನ ಮಟ್ಟಕ್ಕೆ ಇಳಿಯಿರಿ. ಪಂಥಕ್ಕೊಂದು ಫತ್ವಾ ಹಾರಾಡುತ್ತಿದ್ದ ಕಾಲದಲ್ಲಿ ಇದನ್ನು ಬರೆಯಲು ಧೈರ್ಯ ಬೇಕಿತ್ತು. ತಹಾಫುತ್‌ನ ಆ ಮೂರು ವಿಷಯಗಳಿಗೆ ಬಂದಾಗ ಮಾತ್ರ ಅವರು ಪಟ್ಟು ಸಡಿಲಿಸಲಿಲ್ಲ.

ಇಬ್ನ್ ರುಶ್ದ್ ಯಾರು?

1126ರಲ್ಲಿ ಆಂಡಲೂಸಿಯಾದ, ಅಂದರೆ ಈಗಿನ ಸ್ಪೇನಿನ, ಕಾರ್ಡೋಬಾದಲ್ಲಿ ಹುಟ್ಟಿದವರು. ಖಾಜಿಗಳ ಮನೆತನ, ಅದೇ ಹೆಸರಿನ ಅವರ ಅಜ್ಜ ಕಾರ್ಡೋಬಾದ ಖಾಜಿಯಾಗಿದ್ದವರು. ಮೊಮ್ಮಗ 1169ರಲ್ಲಿ ಸೆವಿಲ್‌ನ ಖಾಜಿ, ಆಮೇಲೆ ಕಾರ್ಡೋಬಾದ ಖಾಜಿ, 1182ರಲ್ಲಿ ಆ ನಾಡನ್ನಾಳುತ್ತಿದ್ದ ಅಲ್ಮೊಹದ್ ವಂಶದ ಖಲೀಫನ ವೈದ್ಯ. ಇಮಾಮ್ ಮಾಲಿಕರ ಪರಂಪರೆಯಾದ ಮಾಲಿಕಿ ನ್ಯಾಯಶಾಸ್ತ್ರದಲ್ಲಿ ಪಳಗಿದ ಅವರ 'ಬಿದಾಯತುಲ್ ಮುಜ್ತಹಿದ್' ಗ್ರಂಥವನ್ನು ಧಾರ್ಮಿಕ ವಿದ್ಯಾಕೇಂದ್ರಗಳಲ್ಲಿ ಈಗಲೂ ಓದುತ್ತಾರೆ.

ಖಲೀಫಾ ಅಬೂ ಯಅಕೂಬ್ ಯೂಸುಫ್‌ನ ಮುಂದೆ ಅವರನ್ನು ಮೊದಲು ಕರೆದೊಯ್ದವರು ಹಿರಿಯ ತತ್ತ್ವಜ್ಞಾನಿ ಇಬ್ನ್ ತುಫೈಲ್. ಹೆಸರು, ಮನೆತನ ವಿಚಾರಿಸಿದ ಖಲೀಫಾ ನೇರವಾಗಿ ಕೇಳಿದ: ಆಕಾಶದ ಬಗ್ಗೆ ತತ್ತ್ವಜ್ಞಾನಿಗಳು ಏನು ಹೇಳುತ್ತಾರೆ, ಅದು ಅನಾದಿಯೋ, ಹುಟ್ಟಿದ್ದೋ? ಇಬ್ನ್ ರುಶ್ದ್ ಹೆದರಿ, ನಾನು ಅದನ್ನೆಲ್ಲ ಓದಿಯೇ ಇಲ್ಲ ಎಂದುಬಿಟ್ಟರು. ಖಲೀಫಾ ಇಬ್ನ್ ತುಫೈಲ್ ಕಡೆ ತಿರುಗಿ ಪ್ಲೇಟೋ, ಅರಿಸ್ಟಾಟಲ್‌ರ ವಾದಗಳನ್ನೂ ಅವಕ್ಕೆ ಮುಸ್ಲಿಂ ಪಂಡಿತರ ಆಕ್ಷೇಪಗಳನ್ನೂ ತಾನೇ ಸೊಗಸಾಗಿ ಚರ್ಚಿಸತೊಡಗಿದ. ಆಗ ಇವರಿಗೆ ಮಾತು ಬಂತು. ಹೊರಡುವಾಗ ಹಣ, ನಿಲುವಂಗಿ, ಸವಾರಿಯ ಪ್ರಾಣಿ ಸಿಕ್ಕಿತು. ಅರಿಸ್ಟಾಟಲನ ಮಾತು ಬಿಡಿಸಿ ಹೇಳುವವರು ಬೇಕು ಎಂಬ ಖಲೀಫನ ಕೊರಗು ಇವರ ಪಾಲಿಗೆ ಜೀವಮಾನದ ಕೆಲಸವಾಯಿತು.

'ಫಸ್ಲುಲ್ ಮಕಾಲ್'ನಲ್ಲಿ ಏನಿದೆ?

ಸುಮಾರು 1179-80ರಲ್ಲಿ ಬರೆದ ಪುಟ್ಟ ಪುಸ್ತಕ. ಹೆಸರಿನ ಅರ್ಥ ನಿರ್ಣಾಯಕ ಮಾತು. ಇದು ಖಾಜಿ ಬರೆದ ತೀರ್ಪಿನ ಹಾಗಿದೆ. ತತ್ತ್ವಶಾಸ್ತ್ರ ಮತ್ತು ತರ್ಕದ ಅಧ್ಯಯನ ಶರೀಅತ್ತಿನ ಪ್ರಕಾರ ಅನುಮತಿಸಿದ್ದೋ, ನಿಷಿದ್ಧವೋ, ಕಡ್ಡಾಯವೋ? ಪ್ರಶ್ನೆ ಕಾನೂನಿನದು, ಉತ್ತರಕ್ಕೂ ಅವರು ಗ್ರಂಥದಿಂದಲೇ ಹೊರಡುತ್ತಾರೆ. "ಕಣ್ಣುಳ್ಳವರೇ, ಪರಿಗಣಿಸಿ ನೋಡಿ" (59:2) ಎಂಬ ವಚನದ ಅದೇ ಪದವನ್ನು ನ್ಯಾಯಶಾಸ್ತ್ರಜ್ಞರು ತಮ್ಮ ಸಾದೃಶ್ಯ ನ್ಯಾಯವಾದ 'ಕಿಯಾಸ್'ಗೆ ಆಧಾರ ಮಾಡಿಕೊಂಡಿದ್ದರು. ಕಾನೂನಿನ ಕಿಯಾಸ್‌ಗೆ ಆ ವಚನ ಆಧಾರವಾಗುವುದಾದರೆ ಬುದ್ಧಿಯ ಕಿಯಾಸ್‌ಗೆ ಏಕಾಗಬಾರದು ಎಂದು ಅವರದೇ ಅಂಗಳದಲ್ಲಿ ನಿಂತು ಕೇಳುತ್ತಾರೆ.

ತರ್ಕ ಪರಧರ್ಮೀಯರದ್ದಲ್ಲವೇ? ಕುರ್ಬಾನಿಗೆ ಬಳಸುವ ಚೂರಿ ನಮ್ಮವರದ್ದೋ ಬೇರೆಯವರದ್ದೋ ಎಂದು ಯಾರೂ ಕೇಳುವುದಿಲ್ಲ, ಅದು ನಿಯಮಕ್ಕೆ ತಕ್ಕಂತಿದೆಯೇ ಎಂದಷ್ಟೇ ನೋಡುತ್ತಾರೆ. ತತ್ತ್ವಶಾಸ್ತ್ರ ಓದಿ ಕೆಲವರು ದಾರಿ ತಪ್ಪಿದರಲ್ಲ? ನೀರು ಗಂಟಲಿಗೆ ಸಿಕ್ಕಿ ಒಬ್ಬ ಸತ್ತನೆಂದು ಬಾಯಾರಿದವನಿಗೆ ತಣ್ಣೀರು ಕೊಡದೆ ಸಾಯಿಸುವುದುಂಟೇ? ಉಸಿರುಗಟ್ಟಿ ಸತ್ತದ್ದು ಆಕಸ್ಮಿಕ, ಬಾಯಾರಿ ಸಾಯುವುದು ಖಚಿತ.

ಆಮೇಲೆ ಪುಸ್ತಕದ ನಡುಗಂಬ ಬರುತ್ತದೆ: ಸತ್ಯ ಸತ್ಯವನ್ನು ವಿರೋಧಿಸುವುದಿಲ್ಲ; ಅದರೊಡನೆ ಹೊಂದಿಕೊಂಡು ಅದಕ್ಕೆ ಸಾಕ್ಷಿ ನುಡಿಯುತ್ತದೆ. ಬುರ್ಹಾನ್ ಒಂದು ಕಡೆ, ವಚನದ ಮೇಲ್ನೋಟದ ಅರ್ಥ ಇನ್ನೊಂದು ಕಡೆ ಇದ್ದರೆ ತಾವೀಲ್ ಮಾಡಬೇಕು. ಯಾರು? 3:7ರಲ್ಲಿ ಹೇಳಿದ, ಜ್ಞಾನದಲ್ಲಿ ಬೇರುಬಿಟ್ಟವರು. ಇಬ್ನ್ ರುಶ್ದ್ ಉಸಿರು ನಿಲ್ಲಿಸುವುದು ಅವರ ಹೆಸರು ಬಂದ ಮೇಲೆ.

ಇಲ್ಲಿ ಒಂದು ಕ್ಷಣ ನಿಂತು ಗಜಾಲಿಯನ್ನು ನೆನೆಯಿರಿ. ಪುರಾವೆ ಇದ್ದರೆ ತಾವೀಲ್, ಇಲ್ಲದಿದ್ದರೆ ವಾಚ್ಯಾರ್ಥ ಎಂಬ ನಿಯಮದಲ್ಲಿ ಇಬ್ಬರಿಗೂ ಒಮ್ಮತವಿದೆ. ಯಾವುದನ್ನು ಪುರಾವೆ ಎನ್ನಬೇಕು, ಅದನ್ನು ಯಾರ ಮುಂದೆ ಬಿಚ್ಚಿಡಬೇಕು ಎಂಬಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ. ನಂಬಿಕೆ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ ನಿಂತ ಯುದ್ಧ ಎಂದು ಇದನ್ನು ಬಣ್ಣಿಸುವವರು ಇಬ್ಬರಿಗೂ ಅನ್ಯಾಯ ಮಾಡುತ್ತಾರೆ.

ಗಜಾಲಿಯ ಆ ಮೂರು ಆರೋಪಗಳಿಗೆ ಇಬ್ನ್ ರುಶ್ದ್ ಕೊಟ್ಟ ಉತ್ತರ?

ಜಗತ್ತಿನ ಆದಿಯ ಬಗ್ಗೆ ಅವರು ವಚನಗಳನ್ನೇ ಮುಂದಿಡುತ್ತಾರೆ. "ಅವನ ಸಿಂಹಾಸನ ನೀರಿನ ಮೇಲಿತ್ತು" (11:7), "ಆಮೇಲೆ ಅವನು ಆಕಾಶದ ಕಡೆ ತಿರುಗಿದನು, ಅದು ಹೊಗೆಯಾಗಿತ್ತು" (41:11). ಮೇಲ್ನೋಟದ ಅರ್ಥ ಹಿಡಿದರೆ ಈ ಜಗತ್ತಿಗೆ ಮೊದಲು ಸಿಂಹಾಸನ, ನೀರು, ಹೊಗೆ ಇದ್ದವು. ಶುದ್ಧ ಶೂನ್ಯದಿಂದ ಜಗತ್ತು ಬಂತು ಎಂದು ಯಾವ ವಚನವೂ ಬಿಡಿಸಿ ಹೇಳಿಲ್ಲ. ಹಾಗಾದರೆ ಇಲ್ಲಿ ತಾವೀಲ್ ಮಾಡುತ್ತಿರುವವರು ಯಾರು? ಎದುರಾಳಿಯ ಆಯುಧವನ್ನೇ ತಿರುಗಿಸಿ ಹಿಡಿದ ಈ ಜಾಗವನ್ನು ಎಷ್ಟು ಸಲ ಓದಿದರೂ ನನಗೆ ತಣಿಯದು.

ದೇವರ ಅರಿವು ನಮ್ಮ ಅರಿವಿನಂಥದಲ್ಲ ಎಂದರು. ನಮ್ಮ ಅರಿವು ವಸ್ತುಗಳಿಂದ ಹುಟ್ಟುತ್ತದೆ. ವಸ್ತುಗಳು ಅವನ ಅರಿವಿನಿಂದ ಹುಟ್ಟುತ್ತವೆ. ಅದನ್ನು ಸಾಮಾನ್ಯ, ಬಿಡಿ ಎಂದು ನಮ್ಮ ಅಳತೆಯಲ್ಲಿ ಭಾಗ ಮಾಡುವುದೇ ತಪ್ಪು. ಪುನರುತ್ಥಾನದ ಬಗ್ಗೆ, ಅದು ಇದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ, ಹೇಗೆ ಎಂಬುದರಲ್ಲಿ ಪಂಡಿತರು ಭಿನ್ನವಾಗಿ ಯೋಚಿಸಬಹುದು ಎಂದರು. ತಹಾಫುತ್‌ನ ವಾದಗಳಿಗೆ ಒಂದೊಂದಾಗಿ ಉತ್ತರಿಸಲು 'ತಹಾಫುತುತ್ ತಹಾಫುತ್', ಕುಸಿತದ ಕುಸಿತ, ಎಂಬ ದೊಡ್ಡ ಗ್ರಂಥವನ್ನೇ ಬರೆದರು.

ನಿಜಾರ್ಥವನ್ನು ಜನಸಾಮಾನ್ಯರಿಂದ ಮುಚ್ಚಿಡಬೇಕು ಎಂದರಂತೆ. ಇದು ಸರಿಯೇ?

ಹೇಳಿದ್ದು ನಿಜ. "ವಿವೇಕದಿಂದ, ಒಳ್ಳೆಯ ಉಪದೇಶದಿಂದ ನಿನ್ನ ಪ್ರಭುವಿನ ದಾರಿಗೆ ಕರೆ, ಒಳ್ಳೆಯ ರೀತಿಯಲ್ಲಿ ಅವರೊಡನೆ ವಾದಿಸು" (16:125) ಎಂಬ ವಚನದಲ್ಲಿ ಅವರು ಮೂರು ಬಗೆಯ ಜನರನ್ನು ಕಂಡರು: ಪುರಾವೆಯಿಂದ ಒಪ್ಪುವವರು, ವಾದದಿಂದ ಒಪ್ಪುವವರು, ಮನಮುಟ್ಟುವ ಮಾತಿನಿಂದ ಒಪ್ಪುವವರು. ಮೂರನೆಯವರ ಕೈಯಿಂದ ವಾಚ್ಯಾರ್ಥವನ್ನು ಕಿತ್ತುಕೊಂಡು, ಅವರಿಗೆ ಹಿಡಿಯಲಾಗದ ತಾವೀಲನ್ನು ಕೊಟ್ಟರೆ ಎರಡೂ ಉಳಿಯುವುದಿಲ್ಲ. ವೈದ್ಯನ ಮಾತು ನಂಬಿ ಆರೋಗ್ಯ ಕಾಪಾಡಿಕೊಳ್ಳುತ್ತಿದ್ದ ಜನರ ಬಳಿ ಬಂದು, ಅವನು ಹೇಳಿದ್ದು ನಿಜವಲ್ಲ, ಅದಕ್ಕೆ ಬೇರೆ ಅರ್ಥವಿದೆ ಎಂದು ಹೇಳಿ ಹೋದವನ ಉಪಮೆ ಕೊಡುತ್ತಾರೆ. ಜನ ಪಥ್ಯವನ್ನೂ ಬಿಡುತ್ತಾರೆ, ಹೊಸ ಅರ್ಥವನ್ನೂ ಹಿಡಿಯಲಾರರು. ಗಜಾಲಿ ಜನರೆಲ್ಲ ಓದುವ ಪುಸ್ತಕಗಳಲ್ಲಿ ತಾವೀಲ್‌ಗಳನ್ನು ಚೆಲ್ಲಿದರು ಎಂಬುದು ಅವರ ಮೇಲೆ ಇಬ್ನ್ ರುಶ್ದ್ ಹೊರಿಸಿದ ದೊಡ್ಡ ದೂರು.

ನಾನು ಇದನ್ನು ಒಪ್ಪಲಾರೆ. ಎಂಥ ಪ್ರಶ್ನೆ ಕೇಳಬೇಕು ಎಂದು ಹುಟ್ಟಿನಿಂದಲೋ ಕಸುಬಿನಿಂದಲೋ ತೀರ್ಮಾನವಾಗುವುದನ್ನು ಕಂಡ ನಾಡಿನಲ್ಲಿ ಬೆಳೆದವರಿಗೆ ಇದು ಚುಚ್ಚದೆ ಇರದು. ಆದರೂ ನ್ಯಾಯವಾಗಿ ಹೇಳಬೇಕಾದದ್ದು: ಅವರ ವಿಂಗಡಣೆ ಜಾತಿಯದಲ್ಲ, ಸಂಪತ್ತಿನದಲ್ಲ, ತರಬೇತಿ ಮತ್ತು ಸ್ವಭಾವದ್ದು. ಜೊತೆಗೆ ಪಂಡಿತನಿಗೆ ಅವರು ತಪ್ಪುವ ಸ್ವಾತಂತ್ರ್ಯ ಕೊಟ್ಟರು. ಅರ್ಹ ನ್ಯಾಯಾಧೀಶ ಶ್ರಮಪಟ್ಟು ಸರಿಯಾದ ತೀರ್ಪು ಕೊಟ್ಟರೆ ಎರಡು ಪುಣ್ಯ, ತಪ್ಪಿದರೆ ಒಂದು ಎಂಬ ಹದೀಸನ್ನು ವ್ಯಾಖ್ಯಾನಕಾರರಿಗೂ ಅನ್ವಯಿಸಿದರು. ತಪ್ಪಿದವನಿಗೂ ಒಂದು ಪುಣ್ಯ.

ಧರ್ಮಕ್ಕೊಂದು ಸತ್ಯ, ತತ್ತ್ವಶಾಸ್ತ್ರಕ್ಕೊಂದು ಸತ್ಯ ಎಂದವರು ಇವರೇ ತಾನೆ?

ಅಲ್ಲ. ಸತ್ಯ ಸತ್ಯವನ್ನು ವಿರೋಧಿಸದು ಎಂದವರ ತಲೆಗೆ ಅದನ್ನು ಕಟ್ಟಿದ್ದು ವಿಪರ್ಯಾಸ. ಅದು ಪ್ಯಾರಿಸ್‌ನಲ್ಲಿ ಅವರ ಲ್ಯಾಟಿನ್ ಓದುಗರ ಮೇಲೆ ಬಂದ ಆರೋಪ. 1277ರಲ್ಲಿ ಅಲ್ಲಿನ ಬಿಷಪ್ 219 ಹೇಳಿಕೆಗಳನ್ನು ಖಂಡಿಸಿದಾಗ ಪೀಠಿಕೆಯಲ್ಲೇ ಆ ಆರೋಪ ಹೊರಿಸಿದ.

ಇಬ್ನ್ ರುಶ್ದ್‌ರನ್ನು ಗಡೀಪಾರು ಮಾಡಿದ್ದೇಕೆ?

1195ರಲ್ಲಿ ಖಲೀಫಾ ಅಲ್ ಮನ್ಸೂರ್ ಅವರನ್ನು ಕಾರ್ಡೋಬಾದ ಹತ್ತಿರದ, ಹೆಚ್ಚಾಗಿ ಯಹೂದಿಗಳಿದ್ದ ಲುಸೇನಾಕ್ಕೆ ಕಳುಹಿಸಿದ. ತತ್ತ್ವಶಾಸ್ತ್ರದ ಪುಸ್ತಕಗಳನ್ನು ಸುಡಲು ಆಜ್ಞೆಯಾಯಿತು. ವೈದ್ಯ, ಗಣಿತ, ನಮಾಜಿನ ವೇಳೆ ತಿಳಿಯಲು ಬೇಕಾದಷ್ಟು ಖಗೋಳ ಉಳಿಸಿದರು. ಅದೇ ವರ್ಷ ಕ್ರೈಸ್ತರ ಕ್ಯಾಸ್ಟಿಲ್ ರಾಜ್ಯದೊಡನೆ ಅಲಾರ್ಕೋಸ್ ಯುದ್ಧ ನಡೆದಿತ್ತು, ಮಾಲಿಕಿ ಪಂಡಿತರ ಬೆಂಬಲ ದೊರೆಗೆ ಬೇಕಿತ್ತು. ರಾಜಕೀಯದ ಪಾಲು ಇದರಲ್ಲಿ ದೊಡ್ಡದು ಎಂದೇ ನನ್ನ ಎಣಿಕೆ. ಕೆಲವೇ ವರ್ಷಗಳಲ್ಲಿ ಅವರನ್ನು ಮತ್ತೆ ಕರೆಸಿಕೊಂಡರು. 1198ರ ಡಿಸೆಂಬರಿನಲ್ಲಿ ಮರಾಕೆಶ್‌ನಲ್ಲಿ ತೀರಿಕೊಂಡರು.

ಶವವನ್ನು ಮುಂದೆ ಕಾರ್ಡೋಬಾಕ್ಕೆ ಒಯ್ದಾಗ ಅಲ್ಲಿದ್ದ ಸೂಫಿ ಇಬ್ನ್ ಅರಬಿ ಆ ನೋಟವನ್ನು ಬರೆದಿಟ್ಟಿದ್ದಾರೆ. ಹೇರಿನ ಪ್ರಾಣಿಯ ಒಂದು ಬದಿಗೆ ಶವಪೆಟ್ಟಿಗೆ, ಇನ್ನೊಂದು ಬದಿಗೆ ತೂಕ ಸರಿದೂಗಿಸಲು ಅವರು ಬರೆದ ಪುಸ್ತಕಗಳು.

ಕೊನೆಗೆ ಇಸ್ಲಾಮಿನಲ್ಲಿ ತತ್ತ್ವಶಾಸ್ತ್ರ ಸತ್ತುಹೋಯಿತಲ್ಲವೇ?

ಸಾಯಲಿಲ್ಲ. ಇಬ್ನ್ ರುಶ್ದ್‌ಗೆ ಪೂರ್ವದ ನಾಡುಗಳಲ್ಲಿ ಹಿಂಬಾಲಕರು ಸಿಗಲಿಲ್ಲ, ಅಷ್ಟು ನಿಜ. ಅವರ ಹೆಚ್ಚಿನ ಓದುಗರು ಹೀಬ್ರೂ ಮತ್ತು ಲ್ಯಾಟಿನ್ ಬಲ್ಲವರಾಗಿದ್ದರು. ಆದರೆ ಇಬ್ನ್ ಸೀನಾ ಎಲ್ಲ ಕಡೆ ಉಳಿದರು. ಫಖ್ರುದ್ದೀನ್ ರಾಜಿ (ಮರಣ 1210) ಎಂಬ ಪಂಡಿತರು ಇಬ್ನ್ ಸೀನಾರನ್ನು ಸಾಲುಸಾಲಾಗಿ ಪ್ರಶ್ನಿಸಿದರು, 1259ರಲ್ಲಿ ಮರಾಘಾ ವೀಕ್ಷಣಾಲಯದ ಕೆಲಸ ಆರಂಭಿಸಿದ ನಸೀರುದ್ದೀನ್ ತೂಸಿ ಇಬ್ನ್ ಸೀನಾರ ಪರ ಉತ್ತರ ಬರೆದರು. ಪಾಠ, ಟೀಕೆ, ಟೀಕೆಯ ಮೇಲೆ ಟಿಪ್ಪಣಿ ಎಂದು ಆ ಸರಣಿ ಶತಮಾನಗಳ ಕಾಲ ಸಾಗಿತು.

ಇಬ್ನ್ ತೈಮಿಯಾ ಎಲ್ಲಿ ನಿಲ್ಲುತ್ತಾರೆ?

ಆಟದ ನಿಯಮವನ್ನೇ ಒಪ್ಪದ ಕಡೆ. 1263ರಿಂದ 1328ರವರೆಗೆ ಬದುಕಿದ ಈ ಧರ್ಮಪಂಡಿತರು, ಬುದ್ಧಿಗೂ ಗ್ರಂಥಕ್ಕೂ ಘರ್ಷಣೆಯಾದರೆ ಬುದ್ಧಿಗೆ ಮೊದಲ ಮಣೆ ಎಂಬ ಫಖ್ರುದ್ದೀನ್ ರಾಜಿಯವರ ಸೂತ್ರವನ್ನು ಹಲವು ಸಂಪುಟಗಳಲ್ಲಿ ಖಂಡಿಸಿದರು. ಸ್ವಚ್ಛ ಬುದ್ಧಿ ಮತ್ತು ಖಚಿತ ಗ್ರಂಥವಚನದ ನಡುವೆ ಘರ್ಷಣೆಯೇ ಆಗದು, ಆದ್ದರಿಂದ ತಾವೀಲಿನ ಅಗತ್ಯವೇ ಬಾರದು ಎಂಬುದು ಅವರ ನಿಲುವು. ವಾಚ್ಯಾರ್ಥ, ಲಕ್ಷ್ಯಾರ್ಥ ಎಂಬ ವಿಂಗಡಣೆಯೇ ಹಿಂದಿನ ಅರಬರಿಗೆ ಗೊತ್ತಿರಲಿಲ್ಲ, ಪದದ ಅರ್ಥ ಯಾವಾಗಲೂ ಬಳಕೆಯ ಸಂದರ್ಭದಿಂದ ಹುಟ್ಟುತ್ತದೆ ಎಂದರು. ಅವರ ತೀರ್ಮಾನಗಳು ನನ್ನವಲ್ಲ. ಆದರೆ ಭಾಷೆಯ ಬಗ್ಗೆ ಹೇಳಿದ ಈ ಮಾತನ್ನು ತಳ್ಳಿಹಾಕುವುದು ಸುಲಭವಿಲ್ಲ.

ಮುಸ್ಲಿಮೇತರರೂ ಈ ಚರ್ಚೆಯಲ್ಲಿದ್ದರೇ?

ಇದ್ದರು. ಇಬ್ನ್ ರುಶ್ದ್ ಹುಟ್ಟಿದ ಊರಲ್ಲೇ 1138ರಲ್ಲಿ ಹುಟ್ಟಿದ ಯಹೂದಿ ವಿದ್ವಾಂಸ ಮೂಸಾ ಇಬ್ನ್ ಮೈಮೂನ್, ಅಂದರೆ ಮೈಮೊನಿಡೀಸ್, ತಮ್ಮ ಪ್ರಮುಖ ತತ್ತ್ವಗ್ರಂಥವನ್ನು ಅರಬಿಯಲ್ಲೇ, ಹೀಬ್ರೂ ಲಿಪಿಯಲ್ಲಿ ಬರೆದರು. ಜಗತ್ತು ಅನಾದಿ ಎಂಬುದನ್ನು ತಾನು ಒಪ್ಪದಿರಲು ಯಹೂದಿ ಧರ್ಮಗ್ರಂಥ ತೋರಾದ ವಚನಗಳು ಕಾರಣವಲ್ಲ ಎನ್ನುತ್ತಾರೆ ಅವರು. ದೇವರಿಗೆ ದೇಹವಿದೆ ಎಂಬಂತೆ ಕಾಣುವ ವಚನಗಳಿಗೆ ಬೇರೆ ಅರ್ಥ ಹೇಳಿದ ಹಾಗೆ ಸೃಷ್ಟಿಯ ವಚನಗಳಿಗೂ ಹೇಳಬಹುದಿತ್ತು. ಆದರೆ ಅರಿಸ್ಟಾಟಲ್ ಅದನ್ನು ಸಾಧಿಸಿ ತೋರಿಸಿಲ್ಲ. ಬುರ್ಹಾನ್ ಇಲ್ಲ, ಆದ್ದರಿಂದ ತಾವೀಲ್ ಇಲ್ಲ. ಬೇರೆ ಧರ್ಮಗ್ರಂಥ, ಅದೇ ನಿಯಮ.

ಕರ್ನಾಟಕಕ್ಕೆ ಇದರ ನಂಟು ಏನಾದರೂ ಇದೆಯೇ?

ಬೀದರಿನಲ್ಲಿ ಇದೆ. ಇರಾನಿನ ಗಿಲಾನಿನಿಂದ ಬಂದು ಬಹಮನಿ ಸುಲ್ತಾನರ ವಜೀರನಾದ ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮದರಸಾ, ಬಣ್ಣದ ಹೆಂಚಿನ ಮಿನಾರಿನೊಂದಿಗೆ, ಅರ್ಧ ಪಾಳಾಗಿದ್ದರೂ ಇನ್ನೂ ನಿಂತಿದೆ. ಗವಾನ್ ಇರಾನಿನ ವಿದ್ವಾಂಸರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದ. ಶೀರಾಜಿನ ತತ್ತ್ವಜ್ಞಾನಿ ಜಲಾಲುದ್ದೀನ್ ದವಾನಿ ಒಂದು ಟೀಕಾಗ್ರಂಥವನ್ನು ಗವಾನನಿಗೆ ಅರ್ಪಿಸಿದರು. ಅದು ಸುಹ್ರವರ್ದಿಯ 'ಹಯಾಕಿಲುನ್ ನೂರ್' ಎಂಬ ಕೃತಿಯ ಮೇಲಿನದು. ಸುಹ್ರವರ್ದಿ ಎಂದರೆ ಬೆಳಕಿನ ಭಾಷೆಯಲ್ಲೇ ಒಂದು ದರ್ಶನವನ್ನು ಕಟ್ಟಿ, 1191ರ ಸುಮಾರಿಗೆ ಅಲೆಪ್ಪೋದಲ್ಲಿ ಮರಣದಂಡನೆಗೆ ಗುರಿಯಾದ ತತ್ತ್ವಜ್ಞಾನಿ. ಸುಳ್ಳು ಪತ್ರದ ಪಿತೂರಿಗೆ ಸಿಕ್ಕಿ ಗವಾನ್ ಕೂಡ 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಕೊಲ್ಲಲ್ಪಟ್ಟ. ಬೀದರಿಗೆ ಹೋದವರು ಆ ಮಿನಾರಿನ ಕೆಳಗೆ ನಿಂತಾಗ ಈ ಎರಡು ಸಾವುಗಳನ್ನೂ ಆ ಒಂದು ಪುಸ್ತಕವನ್ನೂ ನೆನೆಯಲಿ ಎಂದು ನನ್ನ ಆಸೆ.

ಈಗಿನ ಮುದ್ರಿತ ಕುರ್‌ಆನಿನಲ್ಲಿ 3:7ರ ನಿಲುಗಡೆ ಎಲ್ಲಿದೆ?

ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಅರಬಿ ಪ್ರತಿಗಳಲ್ಲಿ 'ಇಲ್ಲಲ್ಲಾಹ್' ಎಂಬ ಪದದ ಮೇಲೆ ಪುಟ್ಟ 'ಮೀಮ್' ಅಕ್ಷರವಿರುತ್ತದೆ. ಇಲ್ಲಿ ನಿಲ್ಲಲೇಬೇಕು ಎಂಬ ಗುರುತು ಅದು. ಮದೀನಾದಲ್ಲಿ ಅಚ್ಚಾಗುವ ಪ್ರತಿಯಲ್ಲಿ ಅದೇ ಜಾಗದಲ್ಲಿ ಬೇರೆ ಗುರುತು ಇದೆ: ನಿಲ್ಲುವುದು ಮೇಲು, ಮುಂದುವರಿದರೂ ಸಲ್ಲುತ್ತದೆ. ಎರಡೂ ಪ್ರತಿ ಕೈಗೆ ಸಿಕ್ಕರೆ ಪಕ್ಕಪಕ್ಕದಲ್ಲಿ ತೆರೆದಿಟ್ಟು ಆ ಒಂದು ಪದದ ಮೇಲೆ ಬೆರಳಿಟ್ಟು ನೋಡಿ.